ಫಿಟ್ಸ್ ಇದ್ದವರು ಕೆಲಸ ಬಿಡುವ ಮುಂಚೆ

ಗುಂಪಿನ ಎಲ್ಲರಿಗೂ ನಮಸ್ಕಾರ. ಬೆಳಗಾವಿ ಉದ್ಯಮಬಾಗದ ಕಾರ್ಖಾನೆಯಲ್ಲಿ ದುಡಿಯುವ ತಮ್ಮನೊಬ್ಬ ಕೇಳಿದ್ದಾನೆ: ಫಿಟ್ಸ್ ಬರ್ತಾವೆ, ಕೆಲಸ ಬಿಟ್ಟು ಅಂಗವಿಕಲ ವೇತನಕ್ಕೆ ಅರ್ಜಿ ಹಾಕಲಾ?

ಅವಸರ ಮಾಡಬೇಡಪ್ಪಾ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆಗಳಿವೆ. ಅದರಲ್ಲಿ ಮೂರ್ಛೆ ರೋಗದ, ಅಂದರೆ ಫಿಟ್ಸ್‌ನ, ಹೆಸರು ಬೇರೆಯಾಗಿ ಇಲ್ಲ. ಇದು ನನಗೆ ಅನ್ಯಾಯ ಅನಿಸುತ್ತದೆ, ಆದರೆ ಸದ್ಯಕ್ಕೆ ಇರೋದು ಹೀಗೆ. ಫಿಟ್ಸ್ ಜೊತೆಗೆ ಬುದ್ಧಿ ಬೆಳವಣಿಗೆಯ ತೊಂದರೆಯೋ, ಕೈಕಾಲಿನ ಊನವೋ ಇದ್ದರೆ ಮಾತು ಬೇರೆ. ವೇತನಕ್ಕೆ ಪ್ರಮಾಣಪತ್ರದಲ್ಲಿ ಕನಿಷ್ಠ 40% ಅಂಗವಿಕಲತೆ ಅಂತ ಇರಬೇಕು. ಅದಕ್ಕೇ ಮೊದಲು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಕೈಗೆ ಬರದೆ ರಾಜೀನಾಮೆ ಬರೆಯಬೇಡಿ. ಹಳ್ಳಿಯವರಿಗೆ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಲು ನೆರವಾಗುತ್ತಾರೆ.

ಕೆಲಸ ಬದಲಿಸಿಕೊಡಿ ಅಂತ ಕಾರ್ಖಾನೆಯವರನ್ನ ಕೇಳಬಹುದು, ಅಲ್ವಾ? ಕುಲುಮೆ, ಲೇತ್, ಎತ್ತರದ ಕೆಲಸ, ಗಾಡಿ ಓಡಿಸೋದು ಬೇಡವೇ ಬೇಡ. ಪ್ಯಾಕಿಂಗ್, ಸ್ಟೋರ್, ಲೆಕ್ಕಪತ್ರ ಆಗುತ್ತದೆ. ರಾತ್ರಿ ಪಾಳಿ ತಪ್ಪಿಸಿಕೊಳ್ಳಿ, ನಿದ್ದೆಗೆಟ್ಟರೆ ಫಿಟ್ಸ್ ಜಾಸ್ತಿ. ಪಕ್ಕದಲ್ಲಿ ದುಡಿಯುವ ಒಬ್ಬರಿಗಾದರೂ ಹೇಳಿಡಿ: ಫಿಟ್ಸ್ ಬಂದಾಗ ಮಗ್ಗುಲಿಗೆ ಮಲಗಿಸಬೇಕು, ಬಾಯಲ್ಲಿ ಏನೂ ಇಡಬಾರದು, 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಬೇಕು.

ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಹಣ ಸಂಬಳದಲ್ಲಿ ಕಡಿತ ಆಗ್ತಿದ್ದರೆ, ವೈದ್ಯರ ಪತ್ರದ ಮೇಲೆ ವರ್ಷಕ್ಕೆ 91 ದಿನದವರೆಗಿನ ಅನಾರೋಗ್ಯ ರಜೆಗೆ ಕೂಲಿಯ 70% ಸಿಗುತ್ತದೆ. ಮಾತ್ರೆ ಸರಿಹೊಂದಿಸಲು ಆ ರಜೆ ಬಳಸಿ. ಸರಿಯಾದ ಚಿಕಿತ್ಸೆ ಸಿಕ್ಕರೆ 10ರಲ್ಲಿ 7 ಜನರಿಗೆ ಫಿಟ್ಸ್ ಪೂರ್ತಿ ನಿಲ್ಲಬಹುದು. ಸುಮ್ನೆ ಮಧ್ಯದಲ್ಲಿ ಮಾತ್ರೆ ಬಿಡಬೇಡಿ.

ಕಾಗದಪತ್ರದ ತೊಡಕಿದ್ದರೆ ಇಲ್ಲೇ ಬರೆಯಿರಿ. ಮುಜುಗರ ಆದರೆ ನನಗೆ ಬೇರೆಯಾಗಿ ಮೆಸೇಜ್ ಮಾಡಿ.