ಇಂಟರ್ವಲ್ ಇಲ್ಲದ ಎರಡು ಸಿನಿಮಾ

ಲಂಡನ್,
ಸೋಮವಾರ, 24 ಜುಲೈ 2023

ಅಪ್ಪ, ಅಮ್ಮನಿಗೆ ನಮಸ್ಕಾರ. ಪುಟ್ಟನಿಗೆ ಆಶೀರ್ವಾದ (ನಗಬೇಡ, ಅಕ್ಕ ಅಂದಮೇಲೆ ಅಷ್ಟು ಹಕ್ಕಿದೆ).

ನಿನ್ನೆ ಫೋನಿನಲ್ಲಿ ಅಪ್ಪ "ಎರಡು ಸಿನಿಮಾ ನೋಡಿದೆಯಂತೆ, ಹೇಗಿತ್ತು?" ಅಂತ ಕೇಳಿದಾಗ "ಚೆನ್ನಾಗಿತ್ತು" ಅಂದು ಇಟ್ಟುಬಿಟ್ಟೆ. ಬಸ್ಸಿನಲ್ಲಿದ್ದೆ, ಸುತ್ತ ಜನ. ಅದು ಉತ್ತರವಲ್ಲ ಅಂತ ನನಗೂ ಗೊತ್ತು, ಅದಕ್ಕೇ ಈ ಕಾಗದ. ಶನಿವಾರ, ಭಾನುವಾರ ಎರಡೂ ದಿನ ಮಳೆ. ಮ್ಯಾಂಚೆಸ್ಟರ್ ಟೆಸ್ಟಿನ ಕೊನೆಯ ದಿನ ಒಂದು ಬಾಲೂ ಬೀಳದೆ ಡ್ರಾ ಆದದ್ದನ್ನು ನೋಡಿ ಅಪ್ಪ ಟೀವಿಗೆ ಬೈದಿರುತ್ತೀರಿ. ನಾನು ಟಾಕೀಸಿನೊಳಗೆ ಬೆಚ್ಚಗಿದ್ದೆ.

ಶನಿವಾರ ಬೆಳಿಗ್ಗೆ ಅಣುಬಾಂಬು ಮಾಡಿದ ವಿಜ್ಞಾನಿಯ ಕಥೆ 'ಆಪನ್‌ಹೈಮರ್', ವಾಟರ್ಲೂ ಹತ್ತಿರದ ಐಮ್ಯಾಕ್ಸ್‌ನಲ್ಲಿ. ಸರ್ಕಲ್ಲಿನ ನಡುವೆ ದುಂಡನೆಯ ಗಾಜಿನ ಕಟ್ಟಡ ಅದು. ನಮ್ಮ ಮೈಸೂರಿನ ಕೆ.ಆರ್. ಸರ್ಕಲ್‌ನಲ್ಲಿ ಮಹಾರಾಜರನ್ನು ಪಕ್ಕಕ್ಕೆ ಸರಿಸಿ ಟಾಕೀಸು ಕಟ್ಟಿದ ಹಾಗೆ ಅಂದುಕೊಳ್ಳಿ. ತೆರೆ 20 ಮೀಟರ್ ಎತ್ತರ. ತೋರಿಸಿದ್ದು ಹಳೇ ಕಾಲದ ಹಾಗೆ ರೀಲಿನಲ್ಲೇ, 70 ಎಂಎಂ. ಮೂರು ಗಂಟೆಯ ಚಿತ್ರಕ್ಕೆ ಸುಮಾರು 18 ಕಿಲೋಮೀಟರ್ ಫಿಲ್ಮಂತೆ! ನಮ್ಮನೆ ಬಾಗಿಲಿನಿಂದ ಬಿಚ್ಚುತ್ತ ಹೋದರೆ ಶ್ರೀರಂಗಪಟ್ಟಣ ದಾಟಿಬಿಡುತ್ತದೆ. ನನಗೆ ಸಿಕ್ಕಿದ್ದು ಮುಂದಿನಿಂದ ಮೂರನೇ ಸಾಲು, ಅಂದರೆ ಗಾಂಧಿ ಕ್ಲಾಸು. ಟಿಕೆಟ್ ಎಷ್ಟು ಅಂತ ಅಮ್ಮ ಕೇಳಬಾರದು.

ಇಲ್ಲಿ ಇಂಟರ್ವಲ್ ಬಿಡುವುದಿಲ್ಲ. ಮೂರು ಗಂಟೆ ಕೂತಿದ್ದೇ ಕೂತಿದ್ದು. ಕಾಫಿ ಕುಡಿದು ಹೋದದ್ದು ತಪ್ಪಾಯಿತು, ಅದು ಬೇರೆ ಮಾತು. ಶಾಂತಲಾ ಟಾಕೀಸಿನಲ್ಲಿ ಲೈಟು ಹತ್ತಿದ ಕೂಡಲೇ ಅಪ್ಪ ಕಾಲು ನೀಡಿ, "ಫಸ್ಟ್ ಹಾಫ್ ಪರವಾಗಿಲ್ಲ, ಇನ್ನು ಹೆಂಗೆ ತೊಗೊಂಡ್ಹೋಗ್ತಾನೋ" ಅಂತ ತೀರ್ಪು ಕೊಡುತ್ತಿದ್ದಿರಲ್ಲ, ಆಮೇಲೆ ಅಮ್ಮ ಅದಕ್ಕೆ ಉಲ್ಟಾ ಹೇಳುತ್ತಿದ್ದಳಲ್ಲ. ಆ ಹತ್ತು ನಿಮಿಷ ಇಲ್ಲದೆ ನನಗೆ ಅರ್ಧ ಸಿನಿಮಾ ಅರಗಲೇ ಇಲ್ಲ.

ಬಾಂಬ್ ಪರೀಕ್ಷೆಯ ಭಾಗಕ್ಕೆ ಎಲ್ಲರೂ ಕಾಯುತ್ತಿದ್ದರು. ಬೆಂಕಿ ತೆರೆಯ ತುಂಬ ಏಳುತ್ತದೆ, ಸದ್ದೇ ಇಲ್ಲ. ಬರೀ ಉಸಿರು. ಸದ್ದು ಬರುತ್ತದೆ ಅಂತ ಗೊತ್ತಿದ್ದೂ, ಬಂದಾಗ ನನ್ನ ಪಕ್ಕದ ಅಜ್ಜ ಕೈಯಲ್ಲಿದ್ದ ನೀರಿನ ಬಾಟಲಿ ಬಿಟ್ಟುಬಿಟ್ಟರು. ಆದರೆ ನನ್ನನ್ನು ಅಲುಗಾಡಿಸಿದ್ದು ಅದಲ್ಲ. ಹಿರೋಶಿಮಾ ಮೇಲೆ ಬಾಂಬು ಬಿದ್ದ ಮೇಲೆ ಆತ ತನ್ನವರ ಮುಂದೆ ಭಾಷಣಕ್ಕೆ ನಿಲ್ಲುತ್ತಾನೆ. ಮರದ ಮೆಟ್ಟಿಲ ಮೇಲೆ ಕೂತವರೆಲ್ಲ ಖುಷಿಯಿಂದ ಕಾಲು ಬಡಿಯುತ್ತಾರೆ, ದಡದಡ ಅಂತ. ಅಣ್ಣಾವ್ರ ಸಿನಿಮಾಗೆ ನಮ್ಮ ಜನ ಬಡಿಯುತ್ತಿದ್ದರಲ್ಲ, ಅದೇ ಸದ್ದು. ಅದನ್ನು ಕೇಳಿ ಹೊಟ್ಟೆ ತೊಳಸಿದಂತಾದದ್ದು ಇದೇ ಮೊದಲು.

ಕೊನೆಯ ಒಂದು ಗಂಟೆ ಬರೀ ವಿಚಾರಣೆ, ಮಾತು, ಮಾತಿನ ಮೇಲೆ ಹಿನ್ನೆಲೆ ಸಂಗೀತ. ಅರ್ಧಕ್ಕರ್ಧ ಸಂಭಾಷಣೆ ಕೇಳಿಸಲಿಲ್ಲ. ಆಫೀಸಿನಲ್ಲಿ ಒಬ್ಬಳು ಅದೇ ಚಿತ್ರದ ಜೀವಾಳ ಅಂತಾಳೆ. ನನ್ನ ಪ್ರಕಾರ ನಿರ್ದೇಶಕ ಎಳೆದಿದ್ದಾನೆ.

ಹಾಸಿಗೆಯ ದೃಶ್ಯವೊಂದರಲ್ಲಿ ಭಗವದ್ಗೀತೆಯ ಸಾಲು ಓದಿಸಿದ್ದಾನೆ ಅನ್ನುವ ಗಲಾಟೆ ಅಲ್ಲಿನ ಟೀವಿಯಲ್ಲಿ ಬಂದಿರುತ್ತದೆ. ಆ ಸನ್ನಿವೇಶ ನಿಮ್ಮ ಪಕ್ಕ ಕೂತು ನೋಡುವಂಥದ್ದಂತೂ ಅಲ್ಲ. ನನಗೆ ಕೋಪ ಬರಲಿಲ್ಲ, ಬೇಜಾರಾಯಿತು. ಮುಂದೆ ಆ ಬೆಂಕಿಯ ಎದುರು ಬರಬೇಕಾದ ಮಾತನ್ನು ಅಲ್ಲೇ, ಅಷ್ಟು ಅಗ್ಗಕ್ಕೆ, ಖರ್ಚು ಮಾಡಿಬಿಟ್ಟ. ಆಪನ್‌ಹೈಮರ್ ನಿಜವಾಗಿಯೂ ಬರ್ಕ್ಲಿಯಲ್ಲಿ ಆರ್ಥರ್ ರೈಡರ್ ಎಂಬ ಮೇಷ್ಟ್ರ ಹತ್ತಿರ ಸಂಸ್ಕೃತ ಕಲಿತವನು. ಹನ್ನೊಂದನೇ ಅಧ್ಯಾಯದ ನಿಮ್ಮ ಶ್ಲೋಕ, 'ಕಾಲೋಽಸ್ಮಿ ಲೋಕಕ್ಷಯಕೃತ್', ಅದನ್ನು ಆತ 'ನಾನೀಗ ಮೃತ್ಯುವಾಗಿದ್ದೇನೆ' ಅಂತ ಇಂಗ್ಲಿಷಿನಲ್ಲಿ ಹೇಳುತ್ತಾನೆ. ಕಾಲ ಅಂದರೆ ಸಮಯ ಅಲ್ಲವಾ, ಸಾವು ಹೇಗಾಯಿತು ಅಂತ ಟ್ಯೂಬ್ ರೈಲಿನಲ್ಲಿ ಬರುವಾಗ ಮನಸ್ಸಿನಲ್ಲೇ ಜಗಳವಾಡಿದೆ. ಆಮೇಲೆ ಅಜ್ಜಿ ಹೋದಾಗ ಅಪ್ಪ ಎಲ್ಲರಿಗೂ ಬರೆದ ಕಾರ್ಡು ನೆನಪಾಯಿತು: 'ನಮ್ಮ ತಾಯಿಯವರು ಕಾಲವಾದರು.' ನಮ್ಮ ಮಾತಿನಲ್ಲಿ ಎರಡೂ ಒಂದೇ ಶಬ್ದದಲ್ಲಿ ಕೂತಿವೆ, ಅವನಿಗೆ ಒಂದನ್ನು ಆರಿಸಲೇಬೇಕಾಯಿತು. ಅಪ್ಪ, ಇದು ಸರಿಯಾ? ಶಂಕರಭಾಷ್ಯ ತೆಗೆದು ನೋಡಿ, ಬರೆಯಿರಿ.

ಭಾನುವಾರ ಗೊಂಬೆಯ ಕಥೆ 'ಬಾರ್ಬಿ', ಮನೆ ಹತ್ತಿರದ ಮಲ್ಟಿಪ್ಲೆಕ್ಸಿನಲ್ಲಿ, ಜೊತೆಯಲ್ಲಿರುವ ಕೇರಳದ ಹುಡುಗಿಯೊಟ್ಟಿಗೆ. ಗಂಡಸರು, ಹೆಂಗಸರು, ಮುದುಕಿಯರು, ಎಲ್ಲರೂ ಗುಲಾಬಿ ಬಣ್ಣ. ಅಮ್ಮ, ನೀನು ಕೊಟ್ಟ ಗುಲಾಬಿ ದುಪಟ್ಟಾ ಕೊನೆಗೂ ಉಪಯೋಗಕ್ಕೆ ಬಂತು! ಸಿನಿಮಾ ಮೊದಲರ್ಧ ಹಬ್ಬದ ಹಾಗಿದೆ. ಗಂಡಸರದೇ ರಾಜ್ಯ ಅಂದರೆ ಕುದುರೆ ಇಟ್ಟುಕೊಳ್ಳುವುದು ಅಂತ ನಂಬುವ ಆ ಗಂಡು ಗೊಂಬೆ ಕೆನ್‌ನನ್ನು ನೋಡಿದರೆ ಪುಟ್ಟನೂ ಬಿದ್ದು ಬಿದ್ದು ನಗುತ್ತಾನೆ. ಮಧ್ಯೆ ಹೆಣ್ಣಿನ ಪಾಡಿನ ಮೇಲೆ ಒಂದು ಉದ್ದ ಭಾಷಣ ಬರುತ್ತದೆ. ಹಾಲ್ ತುಂಬ ಚಪ್ಪಾಳೆ, ನನ್ನ ಪಕ್ಕದವಳು ಅತ್ತೇಬಿಟ್ಟಳು. ನನಗೆ ಕಾಲೇಜಿನ ಚರ್ಚಾಸ್ಪರ್ಧೆ ಕೇಳಿದ ಹಾಗಾಯಿತು. ಹೇಳಿದ್ದೆಲ್ಲ ನಿಜ, ಆದರೆ ಸಿನಿಮಾ ಅಷ್ಟು ಹೊತ್ತು ನಿಂತುಹೋಯಿತು.

ಎರಡೂ ಸಿನಿಮಾದಲ್ಲಿ ನಾನು ಮನೆಗೆ ತಂದದ್ದು ಒಂದೇ ಒಂದು ಸಣ್ಣ ದೃಶ್ಯ. ಬಸ್ ಸ್ಟಾಪಿನ ಬೆಂಚಿನಲ್ಲಿ ಬಾರ್ಬಿ ಒಬ್ಬ ಮುದುಕಿಯ ಪಕ್ಕ ಕೂರುತ್ತಾಳೆ. ಅವಳ ಊರಿನಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ, ಸುಕ್ಕು ನೋಡುತ್ತಿರುವುದೇ ಮೊದಲು. "ಎಷ್ಟು ಚೆನ್ನಾಗಿದ್ದೀರಿ" ಅನ್ನುತ್ತಾಳೆ. ಮುದುಕಿ ನಕ್ಕು, "ನಂಗೊತ್ತು" ಅಂತಾಳೆ. ಅಷ್ಟೇ. ನಮ್ಮ ಅಜ್ಜಿ ಹಾಗೇ ಹೇಳುತ್ತಿದ್ದಳು, ಹೌದೋ ಅಲ್ಲವೋ?

ಪುಟ್ಟ ಅದೇ ಶುಕ್ರವಾರ ಬಿಡುಗಡೆಯಾದ 'ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ' ನೋಡಿ ಬಂದನಂತೆ. ಸರಿಯಾಗಿ ಬರಿ ಕಣೋ, "ಮಸ್ತ್" ಅಂತ ಒಂದೇ ಪದ ಕಳಿಸಿದರೆ ಆಗಲ್ಲ.

ಅಮ್ಮ, ಮಾವ ಅಮೆರಿಕದಿಂದ ತಂದ ನನ್ನ ಬಾರ್ಬಿಗೆ ನೀನು ರವಿಕೆ ಚೂರಿನಲ್ಲಿ ಸೀರೆ ಉಡಿಸಿ, ದಸರಾ ಗೊಂಬೆ ಕೂರಿಸುವಾಗ ಕೆಳಗಿನ ಮೆಟ್ಟಿಲಲ್ಲಿ ಶೆಟ್ಟರ ಅಂಗಡಿ ಪಕ್ಕ ಇಡುತ್ತಿದ್ದೆ. ಪಟ್ಟದ ಗೊಂಬೆ ಹತ್ತಿರ ಇಡು ಅಂತ ನಾನು ಹಟ ಮಾಡಿದರೆ, "ಅವಳು ಹೊಸಬಳು, ಸಾಮಾನು ಕೊಳ್ಳಲಿ ಮೊದಲು" ಅನ್ನುತ್ತಿದ್ದೆ. ಅಟ್ಟದ ಪೆಟ್ಟಿಗೆಯಲ್ಲಿ ಅವಳು ಇನ್ನೂ ಇದ್ದಾಳಾ, ಇಲಿ ಕೂದಲು ತಿಂದಿದೆಯಾ, ಪುಟ್ಟನನ್ನು ಹತ್ತಿಸಿ ನೋಡಿಸು. ಅಕ್ಟೋಬರಿಗೆ ಬರುತ್ತೇನಲ್ಲ, ಸೀರೆ ನಾನೇ ಉಡಿಸುತ್ತೇನೆ.

ಇಂತಿ,
ನಿಮ್ಮ ಮಗಳು