ಖಾಲಿ ಡಬ್ಬಿಗೆ ಇನ್ನು ನಕ್ಷತ್ರ ಇಲ್ಲ

ಪ್ರೀತಿಯ ಪೋಷಕರೇ,

ನಮಸ್ಕಾರ. ಬರುವ ಸೋಮವಾರದಿಂದ ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ನಿಲ್ಲುತ್ತದೆ. ಊಟದ ಡಬ್ಬಿ ಖಾಲಿ ಮಾಡಿದ ಮಕ್ಕಳ ಹೆಸರಿನ ಮುಂದೆ ನಕ್ಷತ್ರ ಅಂಟಿಸುತ್ತಿದ್ದೆವಲ್ಲ, ಅದು. ಶುರು ಮಾಡಿದ್ದು ನಾನೇ, ನಿಲ್ಲಿಸುತ್ತಿರುವುದೂ ನಾನೇ. ಯಾಕೆ ಅಂತ ನಿಮಗೆ ಹೇಳಬೇಕು.

ಹೋದ ತಿಂಗಳು ಒಂದು ದಿನ ಎರಡನೇ ತರಗತಿಯ ಮಕ್ಕಳ ಜೊತೆ ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿದ್ದ ಹುಡುಗಿ ಡಬ್ಬಿಯಲ್ಲಿದ್ದ ಬೀನ್ಸ್ ತುಂಡುಗಳನ್ನು ಒಂದೊಂದಾಗಿ ಆರಿಸಿ ಕರ್ಚೀಫಿನಲ್ಲಿ ಇಟ್ಟಳು. ನಾಲ್ಕು ಮಡಿಕೆ ಮಡಚಿದಳು. ಬ್ಯಾಗಿನ ಪಕ್ಕದ ಜೇಬಿಗೆ ತುರುಕಿದಳು. ಆಮೇಲೆ ಖಾಲಿ ಡಬ್ಬಿಯನ್ನು ಟೀಚರಿಗೆ ತೋರಿಸಿ ನಕ್ಷತ್ರ ತಗೊಂಡಳು. ನಾನು ಏನೂ ಹೇಳಲಿಲ್ಲ. ಆದರೆ ಆ ಕರ್ಚೀಫು ಇನ್ನೂ ನನ್ನ ಕಣ್ಣ ಮುಂದೆಯೇ ಇದೆ. ಏಳು ವರ್ಷದ ಮಗುವಿಗೆ ಊಟ ಬಚ್ಚಿಡುವುದನ್ನು ಕಲಿಸಿದ್ದು ನಮ್ಮ ನಕ್ಷತ್ರವೇ ಅಲ್ವಾ?

1984ರಲ್ಲಿ ಲಿಯಾನ್ ಬರ್ಚ್ ಎಂಬ ಅಮೆರಿಕದ ಸಂಶೋಧಕಿ ಮತ್ತು ಅವರ ಜೊತೆಗಾರರು ಪುಟ್ಟ ಮಕ್ಕಳಿಗೆ ಹೊಸದೊಂದು ಪಾನೀಯ ಕೊಟ್ಟು ನೋಡಿದ್ದರು. ಕೆಲವರಿಗೆ ಕುಡಿದರೆ ಬಹುಮಾನ, ಇನ್ನು ಕೆಲವರಿಗೆ ಸುಮ್ನೆ ಕೊಟ್ಟರು. ಬಹುಮಾನಕ್ಕಾಗಿ ಕುಡಿದ ಮಕ್ಕಳಿಗೆ ಆಮೇಲೆ ಆ ಪಾನೀಯ ಮೊದಲಿಗಿಂತ ಕಡಿಮೆ ಇಷ್ಟವಾಯಿತು. ಸುಮ್ನೆ ಕುಡಿದವರಿಗೆ ಹಾಗಾಗಲಿಲ್ಲ. ತಿಂದದ್ದಕ್ಕೆ ಬಹುಮಾನ ಕೊಡುತ್ತಾರೆ ಅಂದರೆ ಆ ತಿನಿಸು ಚೆನ್ನಾಗಿಲ್ಲ ಅಂತಲೇ ಅರ್ಥ, ಇದು ಮಕ್ಕಳ ಲೆಕ್ಕ. "ತರಕಾರಿ ಮುಗಿಸಿದರೆ ಐಸ್‌ಕ್ರೀಂ" ಅನ್ನುವ ಮಾತೂ ಹೀಗೇ. ಐಸ್‌ಕ್ರೀಮಿನ ಬೆಲೆ ಏರುತ್ತದೆ, ತರಕಾರಿಯದು ಇಳಿಯುತ್ತದೆ. ಒಂದು ಚೂರು ಬಾಯಿಗೆ ಹಾಕಿ ನೋಡಿದ್ದಕ್ಕೆ ಸ್ಟಿಕ್ಕರ್ ಕೊಟ್ಟು ಅನುಕೂಲವಾದದ್ದೂ ಉಂಟು, ಅದು ನನಗೆ ಗೊತ್ತಿದೆ. ಆದರೆ ನಾವು ಕೊಡುತ್ತಿದ್ದದ್ದು ರುಚಿ ನೋಡಿದ್ದಕ್ಕಲ್ಲ, ಖಾಲಿ ಮಾಡಿದ್ದಕ್ಕೆ.

ಇದನ್ನು ನಾನು ತಾಯಿಯಾಗಿಯೂ ಬರೆಯುತ್ತಿದ್ದೇನೆ. ಆಗ ನನ್ನ ಮಗನಿಗೆ ಐದು ವರ್ಷ. ತಟ್ಟೆಯಲ್ಲಿ ಬೀಟ್‌ರೂಟ್. ಮುಗಿಸುವವರೆಗೂ ಏಳುವ ಹಾಗಿಲ್ಲ ಅಂದೆ. ಒಂದು ಗಂಟೆ ಕೂತ. ಬೀಟ್‌ರೂಟ್ ತಣ್ಣಗಾಯಿತು, ಅದರ ಕೆಂಪು ನೀರು ತಟ್ಟೆ ತುಂಬಾ ಹರಡಿತು, ಅವನ ಕಣ್ಣೀರೂ ಅದರಲ್ಲೇ ಬಿತ್ತು. ಕೊನೆಗೆ ನುಂಗಿದ. ನಾನು ಗೆದ್ದೆ ಅಂದುಕೊಂಡೆ. ಈಗ ಅವನು ಮೀಸೆ ಬಂದ ಗಂಡಸು, ಇವತ್ತಿಗೂ ಬೀಟ್‌ರೂಟ್ ಮುಟ್ಟುವುದಿಲ್ಲ. ಆ ಒಂದು ಗಂಟೆಗಾಗಿ ನನಗೆ ಇಂದಿಗೂ ಬೇಜಾರಿದೆ.

ಆಗ ನನಗೆ ಗೊತ್ತಿರಬೇಕಿದ್ದ ವಿಷಯ ಇದು. ಎರಡರಿಂದ ಆರು ವರ್ಷದ ನಡುವೆ ಹೊಸ ತಿನಿಸು ಕಂಡರೆ ಹಿಂಜರಿಯುವುದು ಮಕ್ಕಳಲ್ಲಿ ಸಾಮಾನ್ಯ. ಅದು ಹಟವಲ್ಲ, ಕೆಟ್ಟ ಬುದ್ಧಿಯೂ ಅಲ್ಲ. ಕಹಿ ಕೂಡ ಮಕ್ಕಳ ನಾಲಿಗೆಗೆ ದೊಡ್ಡವರಿಗಿಂತ ಜೋರಾಗಿ ತಾಗುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಕಹಿ ಜಾಸ್ತಿ ಗೊತ್ತಾಗುತ್ತದೆ. ಹಾಗಾಗಿ ನಿಮಗೆ ಹಿತವಾದ ಸೊಪ್ಪು ನಿಮ್ಮ ಮಗಳಿಗೆ ನಿಜವಾಗಿಯೂ ಬೇರೆ ರುಚಿಯೇ ಇರಬಹುದು. ಅವಳು ನಾಟಕ ಆಡುತ್ತಿಲ್ಲ. ಇದು ಬದಲಾಗುವುದು ಅಭ್ಯಾಸದಿಂದ. ಒಂದು ತರಕಾರಿಯನ್ನು ಮಗು ಒಪ್ಪಿಕೊಳ್ಳಲು ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಸಲ ರುಚಿ ನೋಡಬೇಕಾಗುತ್ತದೆ. ನಾವು ಮೂರು ಸಲ ಕೊಟ್ಟು, "ಇವನಿಗೆ ಇದು ಸೇರೋದಿಲ್ಲ" ಅಂತ ಕೈಬಿಡುತ್ತೇವೆ. ಆ ಮಾತನ್ನು ಮಗುವಿನ ಎದುರಿಗೆ, ನೆಂಟರ ಎದುರಿಗೆ ಹತ್ತು ಸಲ ಹೇಳುತ್ತೇವೆ. ಅವನೂ ನಂಬಿಬಿಡುತ್ತಾನೆ.

ಎಲಿನ್ ಸ್ಯಾಟರ್ ಎಂಬ ಆಹಾರ ತಜ್ಞೆ ಊಟದ ಕೆಲಸವನ್ನು ಮನೆಯವರಿಗೂ ಮಗುವಿಗೂ ಹಂಚಿದ ರೀತಿ ನನಗೆ ತುಂಬಾ ಸರಿ ಕಂಡಿದೆ. ಏನು ಬಡಿಸಬೇಕು, ಯಾವಾಗ, ಎಲ್ಲಿ ಕೂತು ತಿನ್ನಬೇಕು, ಇದು ದೊಡ್ಡವರಿಗೆ ಬಿಟ್ಟದ್ದು. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು, ಇದು ಮಗುವಿಗೆ ಬಿಟ್ಟದ್ದು. ಓದಲು ಸುಲಭ, ಊಟದ ಹೊತ್ತಿನಲ್ಲಿ ಪಾಲಿಸುವುದು ಕಷ್ಟ. ತಟ್ಟೆಯಲ್ಲಿ ಬೆರಳ ತುದಿಯಷ್ಟು ತರಕಾರಿ ಇಡಿ, ಪಕ್ಕದಲ್ಲಿ ಅವನಿಗೆ ಇಷ್ಟವಾದದ್ದು ಒಂದಾದರೂ ಇರಲಿ. ಆಮೇಲೆ ಬೇರೆ ಮಾತಾಡಿ. "ತಿಂದ್ಯಾ? ಇನ್ನೊಂದು ತುತ್ತು!" ಅನ್ನಬೇಡಿ. ಅವನು ಬಿಟ್ಟನೆಂದು ಬೇರೆ ಅಡುಗೆ ಮಾಡಿ ಕೊಡಲೂಬೇಡಿ. ಎರಡು ಊಟದ ನಡುವೆ ಬಿಸ್ಕತ್ತು, ಜ್ಯೂಸು ಸಿಗುತ್ತಲೇ ಇದ್ದರೆ ತಟ್ಟೆಯ ಮುಂದೆ ಹಸಿವೇ ಇರುವುದಿಲ್ಲ. ಎಷ್ಟೋ ಮನೆಗಳ ಜಗಳದ ಮೂಲ ಇದೊಂದೇ ಅಂತ ನನಗನ್ನಿಸಿದೆ.

ಇನ್ನು ದೊಡ್ಡವರ ವಿಷಯ. ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಮೆಲ್ಲಗೆ ಹೇಳಿದರು, "ಮೇಡಂ, ಮಗನನ್ನು ಹೇಗೋ ಒಪ್ಪಿಸಬಹುದು. ಅವನ ಅಪ್ಪನನ್ನು ಹೇಗೆ ಒಪ್ಪಿಸೋದು?" ಈ ಪ್ರಶ್ನೆ ನಮ್ಮ ಮನೆಯದೂ ಆಗಿತ್ತು. ನಮ್ಮ ಮನೆಯವರು ಸೊಪ್ಪು ಕಂಡರೆ ತಟ್ಟೆ ದೂರ ಸರಿಸುತ್ತಿದ್ದರು, ಮಗ ಎದುರಿಗೆ ಕೂತು ನೋಡುತ್ತಿದ್ದ. ಅಪ್ಪ ಬಿಟ್ಟದ್ದನ್ನು ಮಗ ಯಾಕೆ ತಿಂದಾನು? ಹಾಗಾಗಿ ಅಪ್ಪಂದಿರಲ್ಲಿ, ಮನೆಯ ಎಲ್ಲ ದೊಡ್ಡವರಲ್ಲಿ ನನ್ನ ಕೋರಿಕೆ ಒಂದೇ. ಇಷ್ಟವಿಲ್ಲದಿದ್ದರೂ ತಟ್ಟೆಯಲ್ಲಿ ಸ್ವಲ್ಪ ಹಾಕಿಸಿಕೊಳ್ಳಿ. ಮುಖ ಸಿಂಡರಿಸಬೇಡಿ. ನಮ್ಮ ಮನೆಯವರಿಗೂ ಮೊದಲು ಹೇಳಿದ್ದು ಇಷ್ಟೇ, ಉಪದೇಶ ಮಾಡಲಿಲ್ಲ.

ಉಪ್ಪು ಕಡಿಮೆ ಮಾಡಬೇಕಾದ ಮನೆಗಳಲ್ಲಿ ಒಂದೇ ದಿನ ಅರ್ಧಕ್ಕೆ ಇಳಿಸಿದರೆ ಎಲ್ಲರೂ ತಿರುಗಿ ಬೀಳುತ್ತಾರೆ. ವಾರಕ್ಕೆ ಒಂದು ಚಿಟಿಕೆ ಇಳಿಸಿ. ಎರಡು ಮೂರು ತಿಂಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ, ಹಳೆಯ ಅಡುಗೆಯೇ ಉಪ್ಪೆನಿಸುತ್ತದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಜ್ಜ ಅಜ್ಜಿ ತರಕಾರಿ ಬೇಡ ಅಂದರೆ ಮೊದಲು ಹಲ್ಲು ನೋಡಿ. ವಯಸ್ಸಾದಂತೆ ವಾಸನೆ, ರುಚಿ ಮಂಕಾಗುತ್ತದೆ, ಕೆಲವು ಮಾತ್ರೆಗಳೂ ಬಾಯಿ ಕೆಡಿಸುತ್ತವೆ. ಮೆತ್ತಗೆ ಬೇಯಿಸಿ, ಚಿಕ್ಕದಾಗಿ ಹೆಚ್ಚಿ ಕೊಟ್ಟರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಎಷ್ಟು ತಿನ್ನಬೇಕು ಅಂತ ಕೇಳುವವರಿಗೆ: ಹಣ್ಣು, ತರಕಾರಿ ಸೇರಿ ದಿನಕ್ಕೆ 2ರಿಂದ 5 ವರ್ಷದವರಿಗೆ 250 ಗ್ರಾಂ, 6ರಿಂದ 9 ವರ್ಷದವರಿಗೆ 350 ಗ್ರಾಂ, 10 ದಾಟಿದವರಿಗೆಲ್ಲ 400 ಗ್ರಾಂ ಆದರೂ ಇರಲಿ ಎಂಬುದು ಅದೇ ಸಂಸ್ಥೆ 2023ರಲ್ಲಿ ಕೊಟ್ಟ ಸಲಹೆ. ದಯವಿಟ್ಟು ಇದನ್ನು ನಾಳೆಯೇ ಮುಟ್ಟಲು ಹೋಗಬೇಡಿ. ತಕ್ಕಡಿ ಹಿಡಿದು ಊಟಕ್ಕೆ ಕೂರಿಸಿದರೆ ಮತ್ತೆ ಅದೇ ಕರ್ಚೀಫು.

ಒಂದು ಮಾತು ಗಂಭೀರವಾಗಿ. ಮಗುವಿನ ತೂಕ ಇಳಿಯುತ್ತಿದ್ದರೆ, ಎತ್ತರ ಬೆಳೆಯುವುದು ನಿಂತಿದ್ದರೆ, ತಿನ್ನುವಾಗ ಪದೇ ಪದೇ ಒಕರಿಕೆ ಬರುತ್ತಿದ್ದರೆ, ತಿನ್ನುವ ಪದಾರ್ಥಗಳು ತಿಂಗಳು ತಿಂಗಳು ಕಡಿಮೆಯಾಗುತ್ತಿದ್ದರೆ ಕಾಯಬೇಡಿ, ವೈದ್ಯರಿಗೆ ತೋರಿಸಿ. ಇದು ಬರೀ ಊಟದ ತಕರಾರು ಅಲ್ಲದಿರಬಹುದು. ನನಗೂ ತಿಳಿಸಿ, ಮಾತು ನಮ್ಮಲ್ಲೇ ಇರುತ್ತದೆ.

ಸೋಮವಾರದಿಂದ ಮಕ್ಕಳು ದುಂಡಗೆ ಕೂತು ಊಟ ಮಾಡುತ್ತಾರೆ, ಟೀಚರುಗಳೂ ಜೊತೆಗೇ ಕೂರುತ್ತಾರೆ. ಯಾರೂ ಯಾರ ಡಬ್ಬಿಯನ್ನೂ ಪರೀಕ್ಷೆ ಮಾಡುವುದಿಲ್ಲ. ನಾಲ್ಕನೇ ತರಗತಿಯ ಹುಡುಗನೊಬ್ಬ ಗೆಳೆಯ ಕರುಂ ಕುರುಂ ಅಂತ ಸೌತೆಕಾಯಿ ತಿನ್ನುವುದನ್ನು ಎರಡು ವಾರ ನೋಡಿ, ಮೂರನೇ ವಾರ ತಾನೇ "ನನಗೂ ಒಂದು ಕೊಡೋ" ಅಂದದ್ದನ್ನು ನಾನು ಕಂಡಿದ್ದೇನೆ.

ನೀವು ಮಾಡಬೇಕಾದದ್ದು ಸ್ವಲ್ಪವೇ. ಡಬ್ಬಿಯ ಮೂಲೆಯಲ್ಲಿ ಒಂದು ತುಂಡು ತರಕಾರಿ ಇಡಿ. ಒಂದೇ ಸಾಕು. ಸಂಜೆ ಅದು ಹಾಗೇ ವಾಪಸ್ ಬಂದರೆ ಏನೂ ಕೇಳಬೇಡಿ. ಡಬ್ಬಿ ತೊಳೆಯಿರಿ, ಎರಡು ದಿನ ಬಿಟ್ಟು ಇನ್ನೊಂದು ತುಂಡು ಇಡಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ