ಘಾಟಿ ಹತ್ತೋ ಹಳೆ ಕಾರಿಗೆ ಬರೀ ಬಾಟ್ಲಿ ಕಟ್ಟಿದ್ರೆ ಸಾಲಲ್ಲ

ಸಂಪಾದಕರಿಗೆ ನಮಸ್ಕಾರ,

ಮಳೆ ಮುಗಿದು ರಸ್ತೆ ಒಣಗಿದ್ರೆ ಸಾಕು, ಬೆಂಗಳೂರು ಮೈಸೂರು ಕಡೆಯಿಂದ ಹಳೆ ಕಾರುಗಳು ಕೊಡಗಿಗೆ ಬರೋಕೆ ಶುರು, ನಮ್ಮ ತೋಟದ ಶೆಡ್ಡುಗಳಲ್ಲಿ ಟಾರ್ಪಾಲ್ ಹೊದ್ದು ಮಲಗಿದ್ದವೂ ಆಗ ಹೊರಗೆ ಬರ್ತವೆ. ನೋಡೋಕೆ ಖುಷಿನೇ. ಆದ್ರೆ ಸಂಪಾಜೆ ಘಾಟಿಲೋ ಮಾಕುಟ್ಟದ ಏರಲ್ಲೋ ಬಾನೆಟ್ ಎತ್ಕೊಂಡು ಹಬೆ ಬಿಡ್ತಾ ನಿಂತಿರೋ ಒಂದಾದ್ರೂ ಕಾರು ಇದ್ದೇ ಇರುತ್ತೆ, ಸುತ್ತ ಸೇರೋರು ಹೇಳೋದೂ ಒಂದೇ, ಹಳೆ ಗಾಡಿ ಅಲ್ವಾ ಘಾಟಿ ಹತ್ತಲ್ಲ ಬಿಡಿ ಅಂತ. ನಾನು ಇದನ್ನ ಒಪ್ಪಲ್ಲ. ಎಷ್ಟೋ ಸಲ ಇಂಜಿನ್‌ನಲ್ಲಿ ಏನೂ ಕೆಟ್ಟಿರಲ್ಲ, ಇಂಜಿನ್ ತಣ್ಣಗಿಡೋ ನೀರು ಹೊರಗೆ ಹೋಗುತ್ತೆ, ವಾಪಸ್ ಬರಲ್ಲ, ಅಷ್ಟೇ.

ಎಂಜಿಬಿನೇ ತಗೊಳ್ಳಿ, 1962ರಿಂದ 1980ರ ತನಕ ಬಂದ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಅದರ 1798 ಸಿಸಿ ಇಂಜಿನ್ ನಮ್ಮ ಹಳೆ ಪೆಟ್ರೋಲ್ ಅಂಬಾಸಿಡರ್‌ನ 1489 ಸಿಸಿ ಇಂಜಿನ್‌ಗೆ ಅಣ್ಣ ಇದ್ದಂಗೆ, ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಬಿ ಸೀರೀಸ್ ಇಂಜಿನ್‌ಗಳೇ, ಹಾಗಾಗಿ ನಮ್ಮ ಮೆಕ್ಯಾನಿಕ್‌ಗಳಿಗೆ ಹೊಸದೇನಲ್ಲ. ಮೊದಮೊದಲ ಎಂಜಿಬಿಗಳಲ್ಲಿ ಒತ್ತಡ ಹಿಡಿಯೋ ಮುಚ್ಚಳ, ಅಂದ್ರೆ ಪ್ರೆಶರ್ ಕ್ಯಾಪ್, ರೇಡಿಯೇಟರ್ ತಲೆ ಮೇಲೇ ಇರುತ್ತೆ, ಅದರ ಕುತ್ತಿಗೆಯಿಂದ ಒಂದು ಸಣ್ಣ ಓವರ್‌ಫ್ಲೋ ಪೈಪು ಸೀದಾ ನೆಲದ ಕಡೆ. ನೀರು ಬಿಸಿ ಆದ್ರೆ ಹಿಗ್ಗುತ್ತೆ, ತಣ್ಣಗಿನಿಂದ 90 ಡಿಗ್ರಿಗೆ ಹೋಗೋವಾಗ ನೂರಕ್ಕೆ 3ರಿಂದ 4 ಭಾಗ, ಕೂಲಂಟ್ ಬೆರೆಸಿದ್ರೆ ಇನ್ನೂ ಸ್ವಲ್ಪ ಜಾಸ್ತಿ, ಅಂದ್ರೆ ಐದಾರು ಲೀಟರ್ ಹಿಡಿಯೋ ಸಿಸ್ಟಮ್ಮಲ್ಲಿ ಕಾಲು ಲೀಟರ್ ಹತ್ರ ಹತ್ರ. ಕುತ್ತಿಗೆ ತನಕ ತುಂಬಿಸಿದ್ರೆ ಅಷ್ಟೂ ರಸ್ತೆ ಪಾಲು. ಏರು ಹತ್ತಿ ಬಂದ ತಕ್ಷಣ ಫೋಟೋ ತೆಗೀಬೇಕು ಅಂತ ಇಂಜಿನ್ ಆಫ್ ಮಾಡಿದ್ರಂತೂ ಕಥೆ ಮುಗೀತು, ಪಂಪ್ ನಿಂತಿರುತ್ತೆ, ಎರಕದ ಕಬ್ಬಿಣದ ಬ್ಲಾಕಿನ ಬಿಸಿಯೆಲ್ಲಾ ನಿಂತ ನೀರಿಗೆ ಇಳಿಯುತ್ತೆ, ನೀರು ಕುದ್ದು ಇನ್ನಷ್ಟು ಉಕ್ಕುತ್ತೆ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ ಸ್ವಾಮಿ.

ನಮ್ಮೂರಿನ ಎತ್ತರದ್ದು ಬೇರೆ ಲೆಕ್ಕ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಮೇಲಿದೆ, ಇಲ್ಲಿ ತೆರೆದ ಪಾತ್ರೆ ನೀರು 96 ಡಿಗ್ರಿಗೇ ಕುದಿಯುತ್ತೆ. ಕ್ಯಾಪ್ ಮೇಲೆ ಬರ್ದಿರೋ 7 ಪೌಂಡ್ (ಚದರ ಇಂಚಿಗೆ) ಅನ್ನೋದು ಹೊರಗಿನ ಗಾಳಿ ಒತ್ತಡದ ಮೇಲೆ 7 ಪೌಂಡ್ ಅಂತ, ಆದ್ರಿಂದ ಮಂಗಳೂರಲ್ಲಿ ಅದೇ ಕ್ಯಾಪ್ 111 ಡಿಗ್ರಿ ತನಕ ತಡೆದ್ರೆ ಮಡಿಕೇರಿಲಿ 108ಕ್ಕೇ ಬಿಟ್ಕೊಡುತ್ತೆ. ಕೆಳಗಿನಷ್ಟೇ ಬಲ ಇಲ್ಲಿ ಬೇಕು ಅಂದ್ರೆ ಸುಮಾರು 9 ಪೌಂಡ್ ಬೇಕಾಗುತ್ತೆ. ಕರಾವಳಿಲಿ ಚೆನ್ನಾಗೇ ಓಡಿದ ಕಾರು ಮೇಲೆ ಬಂದು ಯಾಕೆ ಸಿಟ್ಟಾಗುತ್ತೆ ಅನ್ನೋದಕ್ಕೆ ಇದೂ ಒಂದು ಕಾರಣ.

ಪರಿಹಾರ ಎಲ್ರಿಗೂ ಗೊತ್ತು, ಹಿಗ್ಗಿದ ನೀರಿಗೆ ಜಾಗ ಕೊಡೋ ಎಕ್ಸ್‌ಪಾನ್ಷನ್ ಟ್ಯಾಂಕ್. ಕಂಪನಿಯೇ ಕೊನೆಗೆ 1977ರ ಮಾಡೆಲ್‌ನಲ್ಲಿ ರೇಡಿಯೇಟರನ್ನ ಮುಂದಕ್ಕೆ ತಳ್ಳಿ ಎಲೆಕ್ಟ್ರಿಕ್ ಫ್ಯಾನ್ ಕೊಟ್ಟು ಬೇರೆ ಟ್ಯಾಂಕ್ ಹಾಕ್ತು. ತೊಂದ್ರೆ ಇರೋದು ಇಲ್ಲಿ ಹಾಕೋ ರೀತಿಲಿ. ಎರಡು ಬೇರೆ ಬೇರೆ ಪದ್ಧತಿ ಇವೆ, ಅವನ್ನ ಕಲಸಿ ಬಿಡ್ತಾರೆ.

ಒಂದು ಬರೀ ರಿಕವರಿ ಬಾಟಲ್. ಪ್ರೆಶರ್ ಕ್ಯಾಪ್ ರೇಡಿಯೇಟರ್ ಮೇಲೇ ಇರುತ್ತೆ, ಉಕ್ಕಿದ ನೀರು ಬಾಟಲ್‌ಗೆ ಹೋಗಿ ಕೂರುತ್ತೆ, ಇಂಜಿನ್ ತಣ್ಣಗಾದಾಗ ವಾಪಸ್ ಎಳ್ಕೊಳ್ಳುತ್ತೆ. ಎಳ್ಕೊಳ್ಬೇಕಾದ್ರೆ ಕ್ಯಾಪಲ್ಲಿ ಸಣ್ಣ ವ್ಯಾಕ್ಯೂಮ್ ವಾಲ್ವ್ ಇರ್ಬೇಕು, ಕುತ್ತಿಗೆಯ ಮೇಲಂಚಿಗೂ ಒಂದು ರಬ್ಬರ್ ಸೀಲ್ ಬಿಗಿಯಾಗಿ ಕೂರ್ಬೇಕು, ಪೈಪಿನ ತುದಿ ಬಾಟಲ್ ತಳದಲ್ಲಿ ಯಾವಾಗ್ಲೂ ನೀರಲ್ಲಿ ಮುಳುಗಿರ್ಬೇಕು, ಬಾಟಲ್‌ಗೆ ಗಾಳಿ ಆಡೋಕೆ ತೂತು ಇರ್ಬೇಕು. ಮೇಲಿನ ಸೀಲ್ ಇಲ್ದಿರೋ ಹಳೆ ಕ್ಯಾಪನ್ನೇ ಉಳಿಸ್ಕೊಂಡು ಬಾಟ್ಲಿ ಕಟ್ಟಿದ್ರೆ ಅದು ನೀರಿನ ಬದ್ಲು ಗಾಳಿ ಎಳೆಯುತ್ತೆ, ಬಾಟ್ಲಿ ತುಂಬ್ತಾ ಹೋಗುತ್ತೆ ರೇಡಿಯೇಟರ್ ಖಾಲಿ ಆಗ್ತಾ ಹೋಗುತ್ತೆ, ಓನರ್ ಬಾಟ್ಲಿ ನೋಡಿ ನೀರಿದೆ ಅಂತ ಆರಾಮಾಗಿರ್ತಾನೆ.

ಇನ್ನೊಂದು ನಿಜವಾದ ಪ್ರೆಶರ್ ಟ್ಯಾಂಕ್. ಇದ್ರಲ್ಲಿ ಪ್ರೆಶರ್ ಕ್ಯಾಪ್ ಟ್ಯಾಂಕ್ ಮೇಲೆ, ರೇಡಿಯೇಟರ್ ಕುತ್ತಿಗೆಗೆ ಸುಮ್ನೆ ಮುಚ್ಚೋ ಬ್ಲಾಂಕ್ ಕ್ಯಾಪ್. ಎರಡು ಕಡೆನೂ ಪ್ರೆಶರ್ ಕ್ಯಾಪ್ ಹಾಕ್ಬಾರ್ದು. ಟ್ಯಾಂಕ್ ಇಡೀ ಸಿಸ್ಟಮ್‌ಗಿಂತ ಎತ್ತರದಲ್ಲಿರ್ಬೇಕು, ತಣ್ಣಗಿರೋವಾಗ ಅರ್ಧ ಮಾತ್ರ ತುಂಬಿಸ್ಬೇಕು, ಒತ್ತಡ ತಡೆಯೋ ಹಿತ್ತಾಳೆ ಟ್ಯಾಂಕೋ ಅದಕ್ಕಂತಲೇ ಮಾಡಿದ ಗಟ್ಟಿ ಪ್ಲಾಸ್ಟಿಕ್ಕೋ ಆಗ್ಬೇಕು, ವೈಪರ್ ನೀರಿನ ಡಬ್ಬ ಸಿಡಿಯುತ್ತೆ. ನನ್ನ ಕೇಳಿದ್ರೆ ತೋಟದ ಕಾರಿಗೆ ರಿಕವರಿ ಬಾಟಲ್ಲೇ ಸಾಕು, ಕೆಲ್ಸ ಕಮ್ಮಿ, ಯಾವಾಗ ಬೇಕಾದ್ರೂ ಬಿಚ್ಚಿ ಕಾರನ್ನ ಮೊದಲಿದ್ದ ಹಾಗೇ ಮಾಡ್ಬಹುದು.

ಟ್ಯಾಂಕ್ ಹಾಕಿದ ಖುಷಿಲಿ 15 ಪೌಂಡ್ ಕ್ಯಾಪ್ ಜಡಿಯೋರಿದ್ದಾರೆ, ಬೇಡ. ಐವತ್ತು ವರ್ಷದ ಬೆಸುಗೆ, ಹೀಟರ್ ಕೋರ್, ಹೋಸ್‌ಗಳು ಅದಕ್ಕೆ ರೆಡಿ ಇರಲ್ಲ. ಕೈ ಪಂಪಲ್ಲಿ ಪ್ರೆಶರ್ ಟೆಸ್ಟ್ ಮಾಡ್ಸಿ, ತಡೆದ್ರೆ 10 ಹಾಕಿ. ಇಂಜಿನ್ ಬಿಸಿ ಆಗೋ ತನಕ ನೀರನ್ನ ರೇಡಿಯೇಟರ್‌ಗೆ ಬಿಡದೆ ತಡೆಯೋ ಥರ್ಮೋಸ್ಟಾಟ್ ಕಿತ್ತೆಸೆದ್ರೆ ತಣ್ಣಗಿರುತ್ತೆ ಅನ್ನೋ ಸಲಹೆನೂ ನಮ್ಮ ಕಡೆ ಧಾರಾಳ, ಡಿಸೆಂಬರ್ ಬೆಳಿಗ್ಗೆ ಆ ಇಂಜಿನ್ ಬಿಸಿ ಆಗೋಕೇ ಪಾಡು ಪಡುತ್ತೆ. ಮತ್ತೆ ಹೂಳು ಕಟ್ಟಿದ ರೇಡಿಯೇಟರನ್ನ ಯಾವ ಟ್ಯಾಂಕೂ ರಿಪೇರಿ ಮಾಡಲ್ಲ, ಘಾಟಿಲಿ ಸಿಕ್ಕ ತೋಡಿನ ಕೆಸರು ನೀರು ಸುರಿದು ಸುರಿದು ಹೂಳು ಕಟ್ಟಿಸೋರೂ ನಾವೇ.

ಪತ್ರ ಬರೆಯೋಕೆ ಮುಖ್ಯ ಕಾರಣ ಇನ್ನೊಂದಿದೆ. ಕೂಲಂಟ್‌ನಲ್ಲಿ ಹೆಚ್ಚಾಗಿ ಇರೋದು ಎಥಿಲೀನ್ ಗ್ಲೈಕಾಲ್, ರುಚಿ ಸಿಹಿ, ನಾಯಿ ನೆಕ್ಕಿದ್ರೆ ಕಿಡ್ನಿ ಹೋಗಿ ಸಾಯುತ್ತೆ, ಸ್ವಲ್ಪ ಸಾಕು. ತೋಟದ ಲೈನ್‌ಮನೆ ಹತ್ರ, ಹೋಂಸ್ಟೇ ಅಂಗಳದಲ್ಲಿ, ತೋಡಿನ ಪಕ್ಕ ಕಾರು ನಿಲ್ಸಿ ಆ ಹಸಿರು ನೀರು ಸುರಿಸೋದು ಸರಿಯಲ್ಲ. ಅದಕ್ಕೆ ಕೊಡಗಿಗೆ ಹಳೆ ಕಾರುಗಳ ಡ್ರೈವ್ ತರೋ ಸಂಘಟಕರಿಗೆ ನನ್ನ ಬೇಡಿಕೆ, ಹೊರಡೋ ಮುಂಚೆ ಬ್ರೇಕು ಲೈಟು ನೋಡೋ ಹೊತ್ತಲ್ಲೇ ಬಾನೆಟ್ ಎತ್ಸಿ ಓವರ್‌ಫ್ಲೋ ಪೈಪು ಎಲ್ಲಿಗೆ ಹೋಗ್ತಿದೆ ನೋಡಿ, ನೆಲಕ್ಕೆ ಹೋಗ್ತಿದ್ರೆ ಒಂದು ಬಾಟಲ್ ಕಟ್ಟಿಸದೇ ಬಿಡ್ಬೇಡಿ.

ಹಳೆ ಕಾರಿನ ಹುಚ್ಚಿರೋ ಒಬ್ಬ ಓದುಗ, ಮಡಿಕೇರಿ